ಒಂದು ಸ್ತ್ರೀಪ್ರತ್ಯಯದ ಮಾನಾಪಮಾನಗಳು

ಕೆಲವು ತಿಂಗಳ ಹಿಂದೆ ಒಂದು ಕವಿಗೋಷ್ಠಿಯ ಆಹ್ವಾನಪತ್ರಿಕೆಯ ಕರಡನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಇಬ್ಬರು ಮಹಿಳೆಯರ ಹೆಸರಿನ ಹಿಂದೆ ‘ಕವಯಿತ್ರಿ’ ಎಂದಿದ್ದುದನ್ನು ನಾನು ಹಾಗೆಯೇ ಉಳಿಸಿದ್ದೆ. ವ್ಯವಸ್ಥಾಪಕರಲ್ಲಿ ಒಬ್ಬರಾದ ತರುಣ ಮಿತ್ರರು ಆ ಪದವನ್ನು ಹೊಡೆದುಹಾಕಿ ‘ಕವಿ’ ಎಂದು ಬರೆದರು. ಕಾರಣ ಕೇಳಿದೆ. “ಇಂಗ್ಲಿಷಿನವರು ‘ಪೊಯೆಟೆಸ್’ ಎನ್ನುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು ಸಾರ್. ನಾವು ಮಾತ್ರ ಇನ್ನೂ ಹೆಣ್ಣಿಗೊಂದು ಬಾಲ ಕಟ್ಟುತ್ತಿದ್ದೇವೆ” ಎಂದರು.

ಅವರ ಉದ್ದೇಶ ಒಳ್ಳೆಯದೇ. ಆದರೆ ಅವರು ಕೊಟ್ಟ ಕಾರಣ ನನಗೆ ಒಪ್ಪಿಗೆಯಾಗಲಿಲ್ಲ. ಇಂಗ್ಲಿಷಿನ ಆ ‘ಎಸ್’ ಎಂಬ ಬಾಲಕ್ಕೆ ಯೂರೋಪಿನ ತುಂಬ ನಂಟರಿದ್ದಾರೆ. ಒಬ್ಬೊಬ್ಬರ ಮನೆಯಲ್ಲಿ ಅದಕ್ಕೆ ಒಂದೊಂದು ಬಗೆಯ ಉಪಚಾರ. ಒಂದು ಮನೆಯ ತೀರ್ಪನ್ನು ಲೋಕದ ತೀರ್ಪೆಂದು ಎಣಿಸುವ ಅಭ್ಯಾಸ ನಮಗೆ ಬ್ರಿಟಿಷರ ಕಾಲದಿಂದ ಅಂಟಿಬಂದಿರುವುದು.

ಈ ಪ್ರತ್ಯಯದ ತವರು ಗ್ರೀಕ್. ರಾಜನು ‘ಬಸಿಲಿಯುಸ್’ ಆದರೆ ರಾಣಿ ‘ಬಸಿಲಿಸ್ಸ’. ಈ ‘ಇಸ್ಸ’ವನ್ನು ಕ್ರೈಸ್ತ ಧರ್ಮದ ಕಾಲದ ಲ್ಯಾಟಿನ್ ತನ್ನದಾಗಿ ಮಾಡಿಕೊಂಡು, ಸಂನ್ಯಾಸಿನಿಯರ ಮಠದ ಒಡತಿಯನ್ನು ‘ಅಬ್ಬಾತಿಸ್ಸ’ ಎಂದು ಕರೆಯಿತು. ಅಲ್ಲಿಂದ ಅದು ಇಟಲಿಯಲ್ಲಿ ‘ಎಸ್ಸ’, ಫ್ರಾನ್ಸಿನಲ್ಲಿ ‘ಎಸ್’, ಸ್ಪೇನಿನಲ್ಲಿ ‘ಎಸ’, ‘ಇಸ’ ಆಯಿತು. ಫ್ರೆಂಚಿನ ಮೂಲಕ ಇಂಗ್ಲಿಷಿಗೂ ದಾಟಿತು. ಜರ್ಮನರಿಗೆ ತಮ್ಮದೇ ಆದ ‘ಇನ್’ ಎಂಬ ಸ್ತ್ರೀಪ್ರತ್ಯಯವಿತ್ತು. ಆದರೂ ಅವರು ಬಂದ ಅತಿಥಿಯನ್ನು ಹೊರಗಟ್ಟದೆ ತಮ್ಮದನ್ನೂ ಅದರ ಮೇಲೆ ಹೇರಿ, ರಾಜಕುಮಾರಿಯನ್ನು ‘ಪ್ರಿನ್ಸೆಸ್ಸಿನ್’ ಎಂದರು. ಹೆಣ್ಣುತನ ಎರಡು ಸಲ! ಗಮನಿಸಬೇಕಾದ ಸಂಗತಿಯೆಂದರೆ, ಈ ಪ್ರತ್ಯಯವನ್ನು ಮೊದಮೊದಲು ಧರಿಸಿದವರಲ್ಲಿ ರಾಣಿಯರು, ಮಠಾಧಿಕಾರಿಣಿಯರು, ಡಚ್ಚೆಸ್ಸುಗಳು ಇದ್ದರು. ಅದು ಕಿರೀಟದೊಂದಿಗೆ ಬಂದ ಪ್ರತ್ಯಯ.

ಇಂಗ್ಲೆಂಡಿನಲ್ಲಿ ಅದಕ್ಕೆ ಬಂದ ಗತಿಯನ್ನು ನೋಡಿ. ‘ಗವರ್ನರ್’ ಎಂದರೆ ಪ್ರಾಂತವನ್ನಾಳುವವನು. ‘ಗವರ್ನೆಸ್’ ಎಂದರೆ ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳುವ ಬಡ ಹೆಂಗಸು. ‘ಮಾಸ್ಟರ್’ ಒಡೆಯನಾಗಿಯೇ ಉಳಿದ. ‘ಮಿಸ್ಟ್ರೆಸ್’ ಮನೆಯೊಡತಿಯ ಸ್ಥಾನದಿಂದ ಜಾರಿ ಇಟ್ಟುಕೊಂಡವಳಾದಳು. ‘ಮೇಯರೆಸ್’ ಎಂದರೆ ಬಹುಮಟ್ಟಿಗೆ ಮೇಯರನ ಹೆಂಡತಿ. ಆದ್ದರಿಂದ ಹೆಂಗಸೇ ಆ ಹುದ್ದೆಗೆ ಬಂದರೆ ಆಕೆ ಬರಿಯ ‘ಮೇಯರ್’ ಆಗಬೇಕಾಯಿತು. ಹಳೆಯ ಇಂಗ್ಲಿಷಿಗೂ ತನ್ನದೇ ಆದ ಒಂದು ಸ್ತ್ರೀಪ್ರತ್ಯಯವಿತ್ತು. ನೂಲುವವಳು ‘ಸ್ಪಿನ್‌ಸ್ಟರ್’. ಆ ಪದ ಕಡೆಗೆ ಮದುವೆಯಾಗದೆ ಉಳಿದವಳೆಂಬ ಅರ್ಥಕ್ಕೆ ಬಂದು ನಿಂತಿತು. ಹೊಲಿಯುವವಳ ಹೆಸರಿನಲ್ಲಿಯೂ ಅದೇ ಪ್ರತ್ಯಯವಿತ್ತು. ಅದು ಹೆಣ್ಣಿನ ಗುರುತೆಂಬುದನ್ನೇ ಜನ ಮರೆತ ಮೇಲೆ ಅದಕ್ಕೆ ‘ಎಸ್’ ಕೂಡಿಸಿ ‘ಸೀಮ್‌ಸ್ಟ್ರೆಸ್’ ಮಾಡಿಕೊಂಡರು. ಇಷ್ಟೆಲ್ಲ ಆದ ಮೇಲೆ ‘ಪೊಯೆಟೆಸ್’ ಎಂಬ ಮಾತು ‘ಹೆಂಗಸು ಬರೆದದ್ದು, ಇಷ್ಟಾದರೂ ಬರೆದಳಲ್ಲ’ ಎಂಬ ಧ್ವನಿಯಲ್ಲಿ ಕೇಳಿಸಿದ್ದು ಆಶ್ಚರ್ಯವಲ್ಲ. ಅಲ್ಲಿಯ ಲೇಖಕಿಯರು ಅದನ್ನು ಕೊಡವಿಕೊಂಡದ್ದು ನ್ಯಾಯವೇ.

ಆದರೆ ಹಾಗೆ ಕೊಡವಿಕೊಳ್ಳುವುದು ಅವರಿಗೆ ಸುಲಭವಾಗಿತ್ತು. ಇಂಗ್ಲಿಷಿನ ನಾಮಪದಕ್ಕೆ ವ್ಯಾಕರಣದ ಲಿಂಗವಿಲ್ಲ. ಬಾಲ ಕತ್ತರಿಸಿದರೆ ಉಳಿಯುವ ‘ಪೊಯೆಟ್’ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಇಟಾಲಿಯನ್ನಿನಲ್ಲಿ ಹಾಗಲ್ಲ, ಪದದ ಮೊದಲು ‘ಇಲ್’ ಎನ್ನಬೇಕೋ ‘ಲಾ’ ಎನ್ನಬೇಕೋ ಎಂಬ ಪ್ರಶ್ನೆ ಬಾಯಿ ತೆರೆಯುವಾಗಲೇ ಎದುರಾಗುತ್ತದೆ. ಅಲ್ಲಿ ಹೆಣ್ಣಿನ ಗುರುತನ್ನೆಲ್ಲ ಅಳಿಸಿದರೆ ಸಿಗುವುದು ಸಮಾನತೆಯಲ್ಲ, ಪುಲ್ಲಿಂಗ.

ಇಟಲಿಯಲ್ಲಿ ಪದವಿ ಪಡೆದ ಹೆಣ್ಣುಮಗಳು ‘ದೊತ್ತೊರೆಸ್ಸ’. ಶಾಲೆಯ ಅಧ್ಯಾಪಕಿ ‘ಪ್ರೊಫೆಸ್ಸೊರೆಸ್ಸ’. ಅದೇ ಗ್ರೀಕ್ ಬಾಲ; ಆದರೆ ಇಲ್ಲಿ ಅದು ಗೌರವದ ಸಂಬೋಧನೆ. ೧೯೮೭ರಲ್ಲಿ ಆಲ್ಮಾ ಸಬಾತೀನಿ ಎಂಬ ವಿದುಷಿ, ಈ ‘ಎಸ್ಸ’ದಲ್ಲಿ ಹಾಸ್ಯದ ಸೋಂಕಿದೆ, ಅದನ್ನು ಬಿಟ್ಟು ವಕೀಲೆಯನ್ನು ‘ಅವ್ವೊಕಾತ’ ಎಂಬಂತಹ ಸರಳ ರೂಪಗಳಿಂದ ಕರೆಯಿರಿ ಎಂದು ಸೂಚಿಸಿದರು. ವಾದದಲ್ಲಿ ಹುರುಳಿತ್ತು. ಆದರೂ ‘ದೊತ್ತೊರೆಸ್ಸ’ವನ್ನು ಜನ ಬಿಡಲಿಲ್ಲ. ಮರ್ಯಾದೆ ರೂಢಿಯಾದ ಕಡೆ ವ್ಯಾಕರಣದ ಉಪದೇಶ ನಾಟುವುದು ಕಷ್ಟ. ಇನ್ನು ೨೦೨೨ರಲ್ಲಿ ಆ ದೇಶದ ಮೊದಲ ಮಹಿಳಾ ಪ್ರಧಾನಿಯಾದ ಜಾರ್ಜಾ ಮೆಲೋನಿ ತಮ್ಮನ್ನು ಪುಲ್ಲಿಂಗದ ‘ಇಲ್’ ಸೇರಿಸಿಯೇ ಕರೆಯಿಸಿಕೊಂಡರು. ಪುಲ್ಲಿಂಗವೇ ದೊಡ್ಡ ಹುದ್ದೆಗೆ ಒಪ್ಪುವ ಉಡುಪೆಂದು ಭಾವಿಸುವ ಮಹಿಳೆಯರೂ ಇದ್ದಾರೆ.

ಫ್ರಾನ್ಸಿನ ಕಥೆ ಇನ್ನೂ ವಿಚಿತ್ರ. ಅಲ್ಲಿ ಮಹಿಳೆಯರು ಸ್ತ್ರೀಲಿಂಗವನ್ನು ಹಕ್ಕೆಂದು ಕೇಳಿದರು. ಕೊಡಲಾರೆನೆಂದದ್ದು ೧೬೩೫ರಲ್ಲಿ ಸ್ಥಾಪನೆಯಾದ, ೧೯೮೦ರವರೆಗೂ ಒಬ್ಬ ಮಹಿಳೆಯನ್ನೂ ಸದಸ್ಯೆಯಾಗಿ ಆರಿಸದಿದ್ದ ಫ್ರೆಂಚ್ ಅಕಾಡೆಮಿ. ೨೦೧೪ರ ಅಕ್ಟೋಬರಿನಲ್ಲಿ ಪಾರ್ಲಿಮೆಂಟಿನ ಸದಸ್ಯನೊಬ್ಬ ಅಧ್ಯಕ್ಷಪೀಠದಲ್ಲಿದ್ದ ಮಹಿಳೆಯನ್ನು ಹಟಹಿಡಿದು ಪುಲ್ಲಿಂಗದಲ್ಲಿಯೇ ಸಂಬೋಧಿಸಿ, ಆ ತಿಂಗಳ ಭತ್ಯದ ಕಾಲುಭಾಗವನ್ನು ದಂಡವಾಗಿ ಕಳೆದುಕೊಂಡ. ಒಂದು ‘ಲ’ಕಾರದ ಬೆಲೆ ಇಷ್ಟು! ಕೊನೆಗೆ ೨೦೧೯ರಲ್ಲಿ ಅಕಾಡೆಮಿ, ಉದ್ಯೋಗನಾಮಗಳ ಸ್ತ್ರೀರೂಪಕ್ಕೆ ತಾತ್ತ್ವಿಕವಾದ ಅಡ್ಡಿಯಿಲ್ಲವೆಂದು ಒಪ್ಪಿತು. ಆಗ ಅದರ ಕಾರ್ಯದರ್ಶಿ ಸ್ಥಾನದಲ್ಲಿದ್ದ ಹೆಲೆನ್ ಕಾರೆರ್ ದಾಂಕೋಸ್ ೨೦೨೩ರಲ್ಲಿ ತೀರಿಕೊಳ್ಳುವ ತನಕವೂ ತಮ್ಮನ್ನು ಪುಲ್ಲಿಂಗದಲ್ಲಿಯೇ ಕರೆಯಿಸಿಕೊಂಡರೆಂಬುದು ಬೇರೆ ಮಾತು. ಆದರೆ ಗೆದ್ದ ಮಹಿಳೆಯರು ಆರಿಸಿಕೊಂಡದ್ದು ‘ಎಸ್’ ಬಾಲವನ್ನಲ್ಲ. ‘ಮೇರೆಸ್’ ಎಂದರೆ ಮೇಯರನ ಹೆಂಡತಿಯೆಂಬ ಹಳೆಯ ನೆನಪು ಫ್ರಾನ್ಸಿಗಿತ್ತು. ೨೦೧೪ರಲ್ಲಿ ಪ್ಯಾರಿಸ್ಸಿಗೆ ಮೊದಲ ಮಹಿಳಾ ಮೇಯರು ಬಂದಾಗ ‘ಲಾ ಮೇರ್’ ಎಂದರು. ಸಾಗರದಾಚೆ, ಅದೇ ಫ್ರೆಂಚ್ ಆಡುವ ಮಾಂಟ್ರಿಯಲ್ಲಿನಲ್ಲಿ ೨೦೧೭ರಲ್ಲಿ ಮಹಿಳೆ ಆ ಹುದ್ದೆಗೆ ಆರಿಸಿಬಂದಾಗ ಜನ ಸಲೀಸಾಗಿ ‘ಮೇರೆಸ್’ ಎಂದರು. ಪದ ಒಂದೇ, ಪ್ರತ್ಯಯ ಒಂದೇ. ಒಂದು ಊರಿನಲ್ಲಿ ಹೆಂಡತಿ, ಇನ್ನೊಂದರಲ್ಲಿ ಅಧಿಕಾರಿ.

ಜರ್ಮನರ ‘ಇನ್’ ಈ ಕುಲದ್ದಲ್ಲವಾದರೂ ಅದರ ಅನುಭವ ಇದಕ್ಕೆ ಸಾಕ್ಷಿ. ಆಂಗೆಲಾ ಮರ್ಕೆಲ್ ಅಧಿಕಾರಕ್ಕೆ ಬಂದ ೨೦೦೫ರಲ್ಲಿ ‘ಬುಂಡೆಸ್‌ಕಾನ್ಸ್‌ಲರಿನ್’ ಎಂಬುದು ಅಲ್ಲಿ ‘ವರ್ಷದ ಪದ’ವೆನಿಸಿತು. ಆದರೆ ಹಿಂದೆ ಪೂರ್ವ ಜರ್ಮನಿಯ ಎಷ್ಟೋ ಮಹಿಳೆಯರು ‘ನಾನು ಇಂಜಿನಿಯರ್’ ಎಂದು ಬಾಲವಿಲ್ಲದ ರೂಪವನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಒಂದೇ ಭಾಷೆಯೊಳಗೆ ಎರಡು ಬಗೆಯ ಸ್ವಾಭಿಮಾನ.

ಪ್ರತ್ಯಯಕ್ಕೆ ತನ್ನದೇ ಆದ ಮಾನವೂ ಇಲ್ಲ, ಅಪಮಾನವೂ ಇಲ್ಲ. ಅದನ್ನು ಧರಿಸಿದವರಿಗೆ ಸಮಾಜ ಎಂತಹ ಆಸನ ಕೊಟ್ಟಿದೆಯೋ ಅದರ ಬಣ್ಣ ಅದಕ್ಕೆ ಹತ್ತುತ್ತದೆ. ಹೀಗಿರುವಾಗ ನಮ್ಮ ಮಾತನ್ನು ನಮ್ಮ ಮನೆಯಲ್ಲಿಯೇ ನೋಡಬೇಕಲ್ಲವೆ? ಯೂರೋಪು ಮೇಯರನ ಹೆಂಡತಿ, ಹೆಣ್ಣು ಮೇಯರು ಇವರ ನಡುವೆ ತಡವರಿಸಿದ್ದರೆ, ಸಂಸ್ಕೃತ ವೈಯಾಕರಣರು ಪ್ರತ್ಯಯಭೇದದಿಂದಲೇ ಆ ತೊಡಕನ್ನು ಬಿಡಿಸಿದ್ದರು: ಆಚಾರ್ಯನ ಹೆಂಡತಿ ‘ಆಚಾರ್ಯಾನೀ’, ತಾನೇ ಪಾಠ ಹೇಳುವವಳು ‘ಆಚಾರ್ಯಾ’. ಪಾಠ ಹೇಳುವ ಹೆಂಗಸರು ಇದ್ದುದರಿಂದ ತಾನೆ ಈ ವಿವೇಚನೆ ಬೇಕಾದದ್ದು! ನಮ್ಮ ಕನ್ನಡದ ‘ಗೌಡ್ತಿ’ ಗೌಡರ ಹೆಂಡತಿಯೇ ಎಂಬುದು ನಿಜ. ಆದರೆ ‘ಸೂಲಗಿತ್ತಿ’ ಯಾರ ಹೆಂಡತಿಯೂ ಅಲ್ಲ. ಅವಳ ಹೆಸರು ಅವಳ ವಿದ್ಯೆಯಿಂದ ಬಂದದ್ದು. ಪಾವಗಡದ ಕಡೆಯ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಸಂದಾಗ ಆ ‘ಗಿತ್ತಿ’ ಅವರ ಹೆಸರಿನ ಹಿಂದೆ ಬಿರುದಿನಂತೆ ನಿಂತಿತ್ತು. ಅದನ್ನು ಕತ್ತರಿಸಿ ಅವರಿಗೆ ಸಮಾನತೆ ಕೊಡುತ್ತೇನೆಂದು ಹೊರಟವರನ್ನು ಕಂಡು ಆ ತಾಯಿ ನಕ್ಕುಬಿಡುತ್ತಿದ್ದರು.

‘ಕವಯಿತ್ರಿ’ಗೆ ಕನ್ನಡದಲ್ಲಿ ‘ಪೊಯೆಟೆಸ್’ನ ಕಳಂಕ ತಟ್ಟಿಲ್ಲವೆಂದೇ ನಾನು ತಿಳಿದಿದ್ದೇನೆ. ತಟ್ಟಿದೆಯೆಂದು ಆ ಹೆಸರನ್ನು ಹೊತ್ತವರೇ ಹೇಳಿದರೆ ನಾನು ವಾದಿಸಲಾರೆ. ಆದ್ದರಿಂದ ಆ ದಿನ ಮಿತ್ರರಿಗೆ, ನಾವಿಬ್ಬರೂ ಗಂಡಸರು ಜಗಳವಾಡುವುದರ ಬದಲು ಅವರಿಬ್ಬರನ್ನೇ ಕೇಳೋಣವೆಂದೆ. ಕೇಳಿದೆವು. ಹಿರಿಯರಾದವರು ‘ಕವಯಿತ್ರಿ’ ಇರಲಿ ಎಂದರು. ಕಿರಿಯರು ‘ಕವಿ’ ಸಾಕು ಎಂದರು. ಹಾಗೆಯೇ ಅಚ್ಚಾಯಿತು. ಒಂದೇ ಪತ್ರಿಕೆಯಲ್ಲಿ ಎರಡು ಬಗೆ ಅಂದವಲ್ಲವೆಂದು ಮುದ್ರಣಾಲಯದವರು ಮಾತ್ರ ಸ್ವಲ್ಪ ಗೊಣಗಿದರಂತೆ.