ಕೂಲಿಗೆ ಹೋಗುವವರೇ ಕಾಸು ಕೊಡಬೇಕೆ?

ಬ್ರಿಟನ್ನಿನಲ್ಲಿ ಕೆಲಸ ಸಿಕ್ಕ ಹೊರದೇಶದವರಿಗೆ ಅಲ್ಲಿನ ಮಾಲೀಕರು ಕೊಡುವ 'ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್' ಹೆಸರಿಗಷ್ಟೇ ಸರ್ಟಿಫಿಕೇಟ್. ಅದು ಮೊಹರು ಒತ್ತಿದ ಕಾಗದವಲ್ಲ. ಕಂಪ್ಯೂಟರಿನಲ್ಲಿ ಹುಟ್ಟುವ ಅಕ್ಷರ ಮತ್ತು ಅಂಕಿಗಳ ಒಂದು ಸಾಲು. ಆ ಸಾಲಿಗೆ ಸರ್ಕಾರಕ್ಕೆ ಕಟ್ಟಬೇಕಿದ್ದ ಶುಲ್ಕ 2024ರಲ್ಲಿ 239 ಪೌಂಡ್. ಕಟ್ಟಬೇಕಾದವನು ಕೆಲಸ ಕೊಡುವ ಮಾಲೀಕ. ಆದರೆ ನೈಜೀರಿಯಾದ ನರ್ಸುಗಳಿಗೆ, ಶಿಕ್ಷಕರಿಗೆ, ಬ್ಯಾಂಕ್ ಗುಮಾಸ್ತರಿಗೆ ಏಜೆಂಟರು ಅದನ್ನೇ ಸಾವಿರಾರು ಪೌಂಡಿಗೆ ಮಾರಿದರು. ಐದು ಸಾವಿರ ಪೌಂಡ್ ಎಂದೇ ಇಟ್ಟುಕೊಳ್ಳೋಣ. ಪೌಂಡಿಗೆ ಸುಮಾರು ಎರಡು ಸಾವಿರ ನೈರಾ ಇದ್ದ ಕಾಲದಲ್ಲಿ ಅದು ಒಂದು ಕೋಟಿ ನೈರಾ ಆಯಿತು. 2024ರ ಜುಲೈನಲ್ಲಿ ನಿಗದಿಯಾದ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 70 ಸಾವಿರ ನೈರಾ. ಹಾಗಾದರೆ ಉಣ್ಣದೆ ಉಡದೆ ಕೂಡಿಟ್ಟರೂ ಹೆಚ್ಚುಕಡಿಮೆ ಹನ್ನೆರಡು ವರ್ಷದ ಸಂಬಳ. ಬ್ರಿಟನ್ನಿನ ಮುದುಕರಿಗೆ ಊಟ ಮಾಡಿಸಿ, ಮೈ ತೊಳೆದು, ಹಾಸಿಗೆ ಬದಲಿಸುವ ಕೆಲಸಕ್ಕಾಗಿ ಒಬ್ಬರು ತೆತ್ತ ಬೆಲೆ ಇದು.

ಹೊರದೇಶದಲ್ಲಿ ಕೆಲಸ ಹುಡುಕುವ ನೈಜೀರಿಯನ್ನರ ಬಗ್ಗೆ ಮಾತು ಬಂದಾಗಲೆಲ್ಲ ಅವರ ಆತುರ, ಆಸೆ, ಮೋಸ ಹೋಗುವ ದಡ್ಡತನಗಳೇ ಚರ್ಚೆಯಾಗುತ್ತವೆ. ಚರ್ಚೆಯಾಗಬೇಕಾದ್ದು ಬೇರೆ. ಕೆಲಸಗಾರ ಬೇಕಾಗಿರುವುದು ಯಾರಿಗೋ ಅವರೇ ಅವನನ್ನು ಕರೆಸಿಕೊಳ್ಳುವ ಖರ್ಚು ಹೊರಬೇಕು. ಈ ಸರಳ ನ್ಯಾಯ ಬುಡಮೇಲಾಗಿರುವುದೇ ಉಳಿದೆಲ್ಲ ಅನಾಹುತಗಳ ಬೇರು ಎಂಬುದು ನನ್ನ ಖಚಿತ ಅಭಿಪ್ರಾಯ.

ದೇಶ ಬಿಟ್ಟು ಹೋಗುವುದಕ್ಕೆ ಅಲ್ಲಿ 'ಜಾಪಾ' ಎನ್ನುತ್ತಾರೆ. ಯೊರೂಬಾ ಮಾತಿನಲ್ಲಿ ತಪ್ಪಿಸಿಕೊಂಡು ಓಡು ಎಂದರ್ಥ. ಓಡುವವರ ಬೆನ್ನ ಹಿಂದೆ ಏನಿದೆ ಎಂದು ನೋಡದೆ ಅವರನ್ನು ಆಸೆಬುರುಕರು ಅನ್ನಬಾರದು. 2023ರ ಜೂನ್‌ನಲ್ಲಿ ಸರ್ಕಾರ ನೈರಾದ ಮೇಲಿನ ಹಿಡಿತ ಸಡಿಲಿಸುವ ಮೊದಲು ಡಾಲರಿಗೆ 460ರ ಆಸುಪಾಸಿನಲ್ಲಿದ್ದ ದರ, ಮರುವರ್ಷದ ಫೆಬ್ರುವರಿ ಹೊತ್ತಿಗೆ 1,500 ದಾಟಿತ್ತು. ಸಂಬಳದ ಅಂಕಿ ಹಾಗೇ ಉಳಿದು, ಅದರ ಬೆಲೆ ಮೂರರಲ್ಲೊಂದು ಪಾಲಾಯಿತು. ಅದಕ್ಕೂ ಬಹಳ ಮುಂಚೆ, 2014ರ ಮಾರ್ಚ್ 15ರಂದು, ವಲಸೆ ಇಲಾಖೆಯ ಸುಮಾರು ನಾಲ್ಕೂವರೆ ಸಾವಿರ ಹುದ್ದೆಗಳಿಗೆ ಐದು ಲಕ್ಷಕ್ಕೂ ಹೆಚ್ಚು ಯುವಜನರು ದೇಶದ ಹಲವು ಕ್ರೀಡಾಂಗಣಗಳಲ್ಲಿ ಪರೀಕ್ಷೆ ಬರೆಯಲು ಸೇರಿದ್ದರು. ಅಬುಜಾ, ಪೋರ್ಟ್ ಹಾರ್ಕೋರ್ಟ್, ಮಿನ್ನಾ, ಬೆನಿನ್ ಸಿಟಿಗಳಲ್ಲಿ ಕಾಲ್ತುಳಿತವಾಗಿ ಕನಿಷ್ಠ 16 ಮಂದಿ ಸತ್ತರು. ಬಸುರಿಯರೂ ಅವರಲ್ಲಿದ್ದರು. ಅಂದು ಅರ್ಜಿ ಹಾಕಿದ ಒಬ್ಬೊಬ್ಬರೂ ಸಾವಿರ ನೈರಾ ಶುಲ್ಕ ಕಟ್ಟಿದ್ದರು ಎಂಬುದನ್ನು ಮರೆಯಬಾರದು. ಕೆಲಸ ಕೇಳಲು ಬಂದವರಿಂದಲೇ ಹಣ ಎತ್ತುವ ಪದ್ಧತಿಯನ್ನು ಏಜೆಂಟರು ಕಂಡುಹಿಡಿಯಲಿಲ್ಲ. ಅದಕ್ಕೆ ಸರ್ಕಾರದ ಮೇಲ್ಪಂಕ್ತಿಯೇ ಇತ್ತು.

ಇನ್ನು ಕರೆಸಿಕೊಂಡವರ ಕಡೆಯ ಕಥೆ. 2021-22ರಲ್ಲಿ ಇಂಗ್ಲೆಂಡಿನ ವೃದ್ಧರ ಮತ್ತು ಅಂಗವಿಕಲರ ಆರೈಕೆ ವಲಯದಲ್ಲಿ ಸುಮಾರು 1 ಲಕ್ಷ 65 ಸಾವಿರ ಹುದ್ದೆಗಳು ಖಾಲಿ ಬಿದ್ದಿದ್ದವು. ಅದಕ್ಕೇ 2022ರ ಫೆಬ್ರುವರಿಯಲ್ಲಿ ಆರೈಕೆ ಕೆಲಸದವರಿಗೂ ವೀಸಾ ಬಾಗಿಲು ತೆರೆಯಿತು. ಭಾರತ, ನೈಜೀರಿಯಾ, ಜಿಂಬಾಬ್ವೆಗಳಿಂದ ಜನ ಹೊರಟರು. ಆದರೆ ಕರೆಸುವ ಕಂಪನಿ ನಿಜವೇ, ಅಲ್ಲಿ ಅಷ್ಟು ಕೆಲಸ ಇದೆಯೇ ಎಂದು ನೋಡುವವರೇ ಇರಲಿಲ್ಲ. ಗಡಿ ಮತ್ತು ವಲಸೆ ವ್ಯವಸ್ಥೆಯ ಸ್ವತಂತ್ರ ಮುಖ್ಯ ಪರಿವೀಕ್ಷಕರ ವರದಿ 2024ರ ಮಾರ್ಚ್‌ನಲ್ಲಿ ಹೊರಬಂದಾಗ, ಅಸ್ತಿತ್ವದಲ್ಲೇ ಇಲ್ಲದ ಒಂದು ಕೇರ್ ಹೋಮ್ ಹೆಸರಿನಲ್ಲಿ 275 ಸರ್ಟಿಫಿಕೇಟುಗಳು ಹೋಗಿದ್ದು ಗೊತ್ತಾಯಿತು. ನಾಲ್ಕೇ ಜನ ಕೆಲಸಗಾರರಿದ್ದೇವೆ ಎಂದು ಹೇಳಿಕೊಂಡಿದ್ದ ಇನ್ನೊಂದು ಕಂಪನಿಗೆ 1,234 ಸಿಕ್ಕಿದ್ದವು. ಪರವಾನಗಿ ಪಡೆದ ಪ್ರತಿ 1,600 ಮಾಲೀಕರ ಮೇಲೆ ಕಣ್ಣಿಡಲು ಇದ್ದದ್ದು ಒಬ್ಬ ಅಧಿಕಾರಿ. ಲಾಗೋಸಿನ ಹುಡುಗಿಯೊಬ್ಬಳು ಮೋಸ ಹೋದಳು ಎಂದು ನಿಟ್ಟುಸಿರು ಬಿಡುವವರು ಈ ಲೆಕ್ಕವನ್ನು ಒಮ್ಮೆ ಓದಬೇಕು. ಬ್ರಿಟಿಷ್ ಸರ್ಕಾರವೇ ಕೇಳದಿದ್ದ ಪ್ರಶ್ನೆಯನ್ನು ಅವಳು ಏಜೆಂಟನಿಗೆ ಕೇಳಬೇಕಿತ್ತೆಂದು ಯಾವ ನ್ಯಾಯದಲ್ಲಿ ಹೇಳುವುದು?

ಹೋಗಿ ಇಳಿದ ಮೇಲೆ, ಏಜೆಂಟನಿಗೆ ತೆರಲು ಮಾಡಿದ ಸಾಲದ ನಿಜವಾದ ಬಿಗಿ ತಿಳಿಯುತ್ತದೆ. ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸದಲ್ಲಿ ಅನೇಕ ಕಂಪನಿಗಳು ರೋಗಿಯ ಮನೆಯೊಳಗಿದ್ದ ನಿಮಿಷಗಳಿಗೆ ಮಾತ್ರ ಕೂಲಿ ಲೆಕ್ಕ ಹಾಕುತ್ತವೆ. ಒಂದು ಮನೆಯಿಂದ ಇನ್ನೊಂದಕ್ಕೆ ಕಾರು ಓಡಿಸಿದ ಹೊತ್ತು, ನಡುವೆ ಬಸ್ ನಿಲ್ದಾಣದಲ್ಲೋ ಕಾರಿನಲ್ಲೋ ಕಾದು ಕುಳಿತ ಹೊತ್ತು ಲೆಕ್ಕಕ್ಕಿಲ್ಲ. ಬೆಳಿಗ್ಗೆ ಕತ್ತಲಲ್ಲಿ ಹೊರಟು ರಾತ್ರಿ ಮರಳಿದರೂ ಕೂಲಿ ಬರುವುದು ಅರ್ಧ ದಿನದ್ದು. ಹೀಗಿದ್ದರೂ ದೂರುವಂತಿಲ್ಲ. ವೀಸಾ ಆ ಮಾಲೀಕನ ಹೆಸರಿಗೇ ಅಂಟಿಕೊಂಡಿದೆ. ಕಂಪನಿಯ ಪರವಾನಗಿ ರದ್ದಾದರೆ ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಬ್ಬ ಮಾಲೀಕನನ್ನು ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. 2022ರ ಜುಲೈನಿಂದ 2024ರ ಡಿಸೆಂಬರ್‌ವರೆಗೆ ಆರೈಕೆ ವಲಯದಲ್ಲಿ 470ಕ್ಕೂ ಹೆಚ್ಚು ಪರವಾನಗಿಗಳು ರದ್ದಾದವು. ಆ ಕಂಪನಿಗಳ ಜೊತೆ ನಂಟಿದ್ದ ಕೆಲಸಗಾರರ ಸಂಖ್ಯೆ 39 ಸಾವಿರ ದಾಟುತ್ತದೆ ಎಂದು ಬ್ರಿಟಿಷ್ ಸರ್ಕಾರವೇ ಹೇಳಿದೆ. ತಪ್ಪು ಮಾಡಿದ್ದು ಮಾಲೀಕ, ಗಡುವು ಬಿದ್ದಿದ್ದು ಕೆಲಸಗಾರನ ತಲೆಯ ಮೇಲೆ.

ಇದೇ ಗಂಟಿನ ಇನ್ನೂ ಕ್ರೂರವಾದ ರೂಪವನ್ನು ನೈಜೀರಿಯಾ ಬೆನಿನ್ ಸಿಟಿಯಲ್ಲಿ ಕಂಡಿದೆ. ಇಟಲಿಯಲ್ಲಿ ಕೆಲಸ ಕೊಡಿಸುತ್ತೇವೆಂದು ಹುಡುಗಿಯರನ್ನು ಗುಡಿಗೆ ಕರೆದೊಯ್ದು, ಅವರ ಉಗುರು, ಕೂದಲು ಇಟ್ಟು, ಸಾಲ ತೀರಿಸುವವರೆಗೆ ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿಸುತ್ತಿದ್ದರು. ಅಲ್ಲಿಗೆ ಹೋದ ಮೇಲೆ ಸಾವಿರಾರು ಯೂರೋ ಸಾಲ ತೀರಿಸಲು ಬೀದಿಗೆ ಇಳಿಸುತ್ತಿದ್ದರು. 2018ರ ಮಾರ್ಚ್‌ನಲ್ಲಿ ಬೆನಿನ್ನಿನ ಅರಸ ಎರಡನೇ ಎವಾರೆ ಆ ಆಣೆಗಳೆಲ್ಲ ರದ್ದಾದವೆಂದು ಸಾರಿ, ಆಣೆ ಹಾಕಿಸಿದವರಿಗೇ ಶಾಪ ಕೊಟ್ಟರು. ಆಣೆ ಎಂದರೆ ಮನಸ್ಸನ್ನು ಹೇಗೆ ಕಟ್ಟಿಹಾಕುತ್ತದೆ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅರಸ ಒಂದು ಮಾತಿನಲ್ಲಿ ಆ ಕಟ್ಟು ಬಿಚ್ಚಿದರು. ವೀಸಾದ ಷರತ್ತು ಹಾಕಿದ ಕಟ್ಟನ್ನು ಬಿಚ್ಚಬಲ್ಲ ಸರ್ಕಾರಗಳು ಮಾತ್ರ ಹಾಗೆ ಮಾಡಿಲ್ಲ.

ಯಾರೂ ಬಲವಂತ ಮಾಡಲಿಲ್ಲವಲ್ಲ, ತಾವಾಗಿಯೇ ಹಣ ಕೊಟ್ಟರಲ್ಲ ಎಂಬುದು ಮೊದಲ ಆಕ್ಷೇಪ. ಕೊಟ್ಟರು, ನಿಜ. ಆದರೆ ಕೆಲಸ ಕೊಡಿಸಲು ಕೆಲಸಗಾರನಿಂದ ಹಣ ಪಡೆಯುವುದನ್ನು ಬ್ರಿಟನ್ನಿನ 1973ರ ಉದ್ಯೋಗ ಏಜೆನ್ಸಿ ಕಾಯ್ದೆ ನಿಷೇಧಿಸಿದೆ. ತನ್ನ ನೆಲದವರಿಗೆ ಅನ್ಯಾಯವೆಂದು ಕಂಡದ್ದು ಲಾಗೋಸಿನಲ್ಲಿ ನಡೆದರೆ ವ್ಯವಹಾರ ಆಗಿಬಿಡುವುದಿಲ್ಲ. ಎರಡನೆಯ ಆಕ್ಷೇಪ ತೂಕದ್ದು. ಬಡ ದೇಶ ಓದಿಸಿದ ವೈದ್ಯರು, ನರ್ಸುಗಳು ಹೀಗೆ ಹೊರಟರೆ ಅಲ್ಲಿನ ರೋಗಿಗಳ ಗತಿಯೇನು? ಐದರಿಂದ ಏಳು ವರ್ಷಗಳಲ್ಲಿ ಸುಮಾರು 16 ಸಾವಿರ ವೈದ್ಯರು ದೇಶ ಬಿಟ್ಟರೆಂದು ನೈಜೀರಿಯಾದ ಆರೋಗ್ಯ ಸಚಿವರೇ 2025ರಲ್ಲಿ ಹೇಳಿದ್ದಾರೆ. ಈ ನಷ್ಟ ನಿಜವಾದದ್ದು, ಅದನ್ನು ಹಗುರಾಗಿ ಕಾಣಬಾರದು. ಆದರೆ ಹೋಗುವವರ ಕಾಲು ಕಟ್ಟುವುದು ಪರಿಹಾರವಲ್ಲ. ಐದು ವರ್ಷ ದೇಶದಲ್ಲೇ ದುಡಿಯದೆ ವೈದ್ಯರಿಗೆ ಪೂರ್ಣ ಪರವಾನಗಿ ಇಲ್ಲ ಎನ್ನುವ ಮಸೂದೆ 2023ರಲ್ಲಿ ಅಲ್ಲಿನ ಸಂಸತ್ತಿಗೆ ಬಂತು, ವೈದ್ಯರು ಪ್ರತಿಭಟಿಸಿದರು, ಅದು ಕಾನೂನಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಹೊರಡಿಸಿದ, ಸಿಬ್ಬಂದಿ ಕೊರತೆಯ 55 ದೇಶಗಳ ಪಟ್ಟಿಯಲ್ಲಿ ನೈಜೀರಿಯಾವೂ ಇರುವುದರಿಂದ, ಬ್ರಿಟನ್ ಅಲ್ಲಿಂದ ನೇರ ನೇಮಕಾತಿ ಅಭಿಯಾನ ನಡೆಸುವಂತಿಲ್ಲ. ತಾವಾಗಿ ಅರ್ಜಿ ಹಾಕಿದವರನ್ನು ಮಾತ್ರ ತೆಗೆದುಕೊಳ್ಳಬಹುದು. ಒಳ್ಳೆಯ ಉದ್ದೇಶದ ಈ ನಿಯಮದಿಂದ ನಿಯಮ ಪಾಲಿಸುವ ಏಜೆನ್ಸಿಗಳು ದೂರ ಸರಿದವು, ಪಾಲಿಸದವರಿಗೆ ಬಯಲು ಸಿಕ್ಕಿತು. ಕರೆಸಿಕೊಳ್ಳುವ ಮಾಲೀಕನೇ ಖರ್ಚು ಹೊತ್ತು, ಅದರ ಮೇಲೆ ತರಬೇತಿಯ ವೆಚ್ಚವನ್ನೂ ಆ ದೇಶಕ್ಕೆ ಕಟ್ಟುವಂತಾದರೆ ಎರಡು ಅನ್ಯಾಯಗಳಿಗೂ ಒಂದೇ ಮದ್ದು.

ಹಾಗೆ ಮಾಡಿದರೆ ಮಾಲೀಕರು ಕರೆಸುವುದನ್ನೇ ನಿಲ್ಲಿಸುತ್ತಾರೆ ಎನ್ನುವವರಿಗೆ ಜರ್ಮನಿಯ 'ಟ್ರಿಪಲ್ ವಿನ್' ಯೋಜನೆ ಉತ್ತರ. 2013ರಿಂದ ಫಿಲಿಪ್ಪೀನ್ಸ್‌ನಿಂದ, ಈಚೆಗೆ ನಮ್ಮ ನೆರೆಯ ಕೇರಳದಿಂದಲೂ ಅಲ್ಲಿನ ಸರ್ಕಾರದ ನೋರ್ಕಾ ರೂಟ್ಸ್ ಸಂಸ್ಥೆಯ ಮೂಲಕ ನರ್ಸುಗಳು ಹೀಗೆ ಹೋಗುತ್ತಿದ್ದಾರೆ. ನೇಮಕಾತಿಗೆ, ಜರ್ಮನ್ ಭಾಷೆ ಕಲಿಯುವುದಕ್ಕೆ ನರ್ಸು ಏಜೆಂಟನಿಗೆ ಏನೂ ಕೊಡಬೇಕಿಲ್ಲ. ಆ ಖರ್ಚು ಆಸ್ಪತ್ರೆಗಳದ್ದು. ಜರ್ಮನಿಯ ಆಸ್ಪತ್ರೆಗಳು ಅದರಿಂದ ಮುಳುಗಿಲ್ಲ.

ಬ್ರಿಟನ್ ತಡವಾಗಿ ಎಚ್ಚೆತ್ತು, ಸರ್ಟಿಫಿಕೇಟಿನ ಶುಲ್ಕವನ್ನು ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ ಎಂದು 2024ರ ಡಿಸೆಂಬರ್ 31ರಿಂದ ನಿಯಮ ತಂದಿತು. ಏಳು ತಿಂಗಳಾಗುವಷ್ಟರಲ್ಲಿ, 2025ರ ಜುಲೈ 22ರಂದು, ಹೊರದೇಶದಿಂದ ಬರುವ ಆರೈಕೆ ಕೆಲಸಗಾರರಿಗೆ ಬಾಗಿಲನ್ನೇ ಮುಚ್ಚಿತು. ಹಣ ತೆತ್ತು ಕಾಯುತ್ತಿದ್ದವರಿಗೆ ಹಣ ಹಿಂದಿರುಗಿಸುವ ಹೊಣೆ ಯಾವ ಮಾಲೀಕನ ಮೇಲೂ ಬೀಳಲಿಲ್ಲ.

ಇದು ನೈಜೀರಿಯಾದ್ದೆಂದು ಓದಿ ಪುಟ ತಿರುವಬೇಡಿ. ಬ್ರಿಟನ್ನಿನ ಬಾಗಿಲ ಮುಂದಿನ ಸಾಲಿನಲ್ಲಿ ಅವರ ಪಕ್ಕದಲ್ಲೇ ನಿಂತಿದ್ದವರು ಭಾರತೀಯರು. ನಮ್ಮ 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟ್ ಕೆಲಸಗಾರನಿಂದ 30 ಸಾವಿರ ರೂಪಾಯಿ ಮತ್ತು ತೆರಿಗೆಯವರೆಗೆ ಪಡೆಯಬಹುದು. ಮಿತಿ ಹಾಕಿದ್ದು ಸರಿ, ಆದರೆ ಕೊಡಬೇಕಾದವನು ಕೆಲಸಗಾರನೇ ಎಂಬ ತತ್ವವನ್ನು ಕಾನೂನೇ ಒಪ್ಪಿಕೊಂಡಂತಾಯಿತು. ಅದು ಬದಲಾಗಬೇಕು. ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಅದು ಮಾಲೀಕರೇ ಖರ್ಚು ಹೊರುವ ಒಪ್ಪಂದಗಳನ್ನು ಮಾತ್ರ ಮಾಡಿಕೊಳ್ಳಲಿ. ನಿಮ್ಮ ಮನೆಯಿಂದ ಮಗಳೋ ತಮ್ಮನೋ ಹೊರದೇಶಕ್ಕೆ ಹೊರಟಿದ್ದರೆ, ಹೊಲ ಅಡವಿಡುವ ಮೊದಲು ಏಜೆಂಟನ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ಹುಡುಕಿ. ಆಮೇಲೆ ಅವನನ್ನು ಕೇಳಿ: ಈ ಹಣ ಯಾವ ಬಾಬ್ತಿಗೆ, ಇದಕ್ಕೆ ರಸೀದಿ ಕೊಡುತ್ತೀರಾ?