ಮಧುಮೇಹದ ಬಗೆಗಳು

ಮಧುಮೇಹವು ವಯಸ್ಸಾದವರಿಗೂ ಸ್ಥೂಲಕಾಯರಿಗೂ ಮಾತ್ರ ಬರತಕ್ಕ ವ್ಯಾಧಿಯೆಂಬ ಭಾವನೆಯು ನಮ್ಮ ಮನೆಗಳಲ್ಲಿ ಬೇರೂರಿದೆ. ಈ ಭಾವನೆಯ ದೆಸೆಯಿಂದ ನನ್ನಿಂದಲೇ ಒಂದು ಅಪರಾಧವು ನಡೆದುಹೋಯಿತಾದ ಕಾರಣ, ಈ ತಿಂಗಳು ಆ ವಿಷಯವನ್ನೇ ವಾಚಕರ ಮುಂದಿಡುತ್ತೇನೆ.

ನಾನು ಉಪಾಧ್ಯಾಯನಾಗಿದ್ದಾಗ ನನ್ನ ತರಗತಿಯಲ್ಲಿ ಹದಿಮೂರು ವರ್ಷದ ಹುಡುಗನೊಬ್ಬನಿದ್ದನು. ಪಾಠದ ನಡುವೆ ಎರಡು ಮೂರು ಬಾರಿ ಎದ್ದು, "ಹೊರಗೆ ಹೋಗಿ ಬರಲೇ, ಸಾರ್?" ಎಂದು ಕೇಳುವನು; ಹಿಂದಿರುಗುವಾಗ ನಲ್ಲಿಯ ಬಳಿ ನಿಂತು ಹೊಟ್ಟೆತುಂಬ ನೀರು ಕುಡಿದು ಬರುವನು. ಶಬ್ದರೂಪಗಳನ್ನು ಒಪ್ಪಿಸುವುದಕ್ಕೆ ಹೆದರಿ ತಪ್ಪಿಸಿಕೊಳ್ಳುತ್ತಾನೆಂದು ಬಗೆದು ನಾನು ಅವನನ್ನು ಗದರಿಸಿ ಕುಳ್ಳಿರಿಸಿದೆನು. ಅಂಗಿ ಸಡಿಲವಾಗುವಷ್ಟು ಅವನು ಸೊರಗಿದ್ದುದು ನನ್ನ ಕಣ್ಣಿಗೆ ಬೀಳಲಿಲ್ಲ. ನಾಲ್ಕನೆಯ ದಿನ ವಾಂತಿ, ಹೊಟ್ಟೆನೋವು, ಏದುಸಿರು. ಉಸಿರಿನಲ್ಲಿ ಮಾಗಿದ ಹಣ್ಣಿನಂಥ ವಾಸನೆ. ಆಸ್ಪತ್ರೆಗೆ ಒಯ್ಯುವಾಗ ಅವನಿಗೆ ಪ್ರಜ್ಞೆಯಿರಲಿಲ್ಲ. ಇನ್ಸುಲಿನ್ ಮತ್ತಿತರ ಚಿಕಿತ್ಸೆಯಿಂದ ದೈವವಶಾತ್ ಬದುಕಿಕೊಂಡನು.

ನಾವು ಉಂಡ ಅನ್ನವು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆಯಷ್ಟೆ. ಅದು ಮಾಂಸಖಂಡಗಳನ್ನು ಹೊಕ್ಕು ಶಕ್ತಿಯಾಗಬೇಕಾದರೆ ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ಎಂಬ ರಸವು ಅವಶ್ಯಕ. ಅದು ಇಲ್ಲದಿದ್ದರೆ, ಅಥವಾ ಇದ್ದೂ ಫಲಕಾರಿಯಾಗದಿದ್ದರೆ, ಸಕ್ಕರೆಯು ರಕ್ತದಲ್ಲಿಯೇ ನಿಂತು, ಮಿತಿಮೀರಿದಾಗ ನೀರನ್ನೂ ಎಳೆದುಕೊಂಡು ಮೂತ್ರದಲ್ಲಿ ಹೊರಬೀಳುತ್ತದೆ. ಬಹುಮೂತ್ರ, ಬಾಯಾರಿಕೆ, ಉಂಡರೂ ಮೈಯಿಳಿಯುವುದು, ಈ ಮೂರಕ್ಕೂ ಮೂಲವು ಇದೇ.

ಸುಶ್ರುತಸಂಹಿತೆಯು ಪ್ರಮೇಹವನ್ನು ಸಹಜ, ಅಪಥ್ಯನಿಮಿತ್ತಜ ಎಂದು ಎರಡಾಗಿ ವಿಂಗಡಿಸಿ, ಮೊದಲನೆಯ ರೋಗಿಯು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಹೇಳುತ್ತದೆ. ಇಂದಿನ ವಿಂಗಡಣೆಯು ಇದಕ್ಕೆ ಪೂರ್ತಿಯಾಗಿ ಹೊಂದದಿದ್ದರೂ, ಒಂದೇ ಹೆಸರಿನಲ್ಲಿ ಬೇರೆ ಬೇರೆ ವ್ಯಾಧಿಗಳಿವೆಯೆಂಬ ಅರಿವು ನಮ್ಮವರಿಗೆ ಹಿಂದೆಯೇ ಇತ್ತು.

ಇಂದಿನವರು ಹೇಳುವ ಮೊದಲನೆಯ ಬಗೆಯಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಇದು ಹೆಚ್ಚಾಗಿ ಮಕ್ಕಳಲ್ಲಿಯೂ ತರುಣರಲ್ಲಿಯೂ ತೋರುವುದು. ಸಿಹಿ ತಿಂದುದು ಇದಕ್ಕೆ ಕಾರಣವಲ್ಲ. ತಾಯಿತಂದೆಗಳ ತಪ್ಪೂ ಅಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮೊತ್ತಮೊದಲು ಇನ್ಸುಲಿನ್ ಕೊಡುವವರೆಗೆ ಇಂಥ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಪಥ್ಯವನ್ನಾಗಲಿ ಕಷಾಯವನ್ನಾಗಲಿ ನಂಬಿ ಈ ಚುಚ್ಚುಮದ್ದನ್ನು ನಿಲ್ಲಿಸುವುದು ಪ್ರಾಣಾಂತಕ.

ಎರಡನೆಯ ಬಗೆಯೇ ಬಹುಜನರಿಗೆ ಬರತಕ್ಕದ್ದು. ಇಲ್ಲಿ ಇನ್ಸುಲಿನ್ ಇದ್ದರೂ ದೇಹವು ಅದಕ್ಕೆ ಸರಿಯಾಗಿ ಮಣಿಯದು. ಬರಬರುತ್ತ ಅದರ ಉತ್ಪತ್ತಿಯೂ ಕುಗ್ಗುವುದು. ವಂಶವಾಹಿತ್ವ, ಹೊಟ್ಟೆಯ ಸುತ್ತಿನ ಕೊಬ್ಬು, ವ್ಯಾಯಾಮವಿಲ್ಲದ ಜೀವನ ಇವು ಮುಖ್ಯ ಕಾರಣಗಳು. ಇದು ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲುದು. ನನಗೂ ಇದು ಇರುವುದು ತಿಳಿದದ್ದು ಕಣ್ಣಿನ ಪೊರೆ ತೆಗೆಸಲು ಹೋದಾಗ ಮಾಡಿದ ರಕ್ತಪರೀಕ್ಷೆಯಿಂದ. ಪಾದಗಳಲ್ಲಿ ಜೋಮು, ಬೇಗ ಮಾಯದ ಗಾಯ, ಮಂಜಾಗುವ ದೃಷ್ಟಿ, ಕಾರಣವಿಲ್ಲದ ಆಯಾಸ ಇವನ್ನು ಮುಪ್ಪಿನ ತಲೆಗೆ ಕಟ್ಟಿ ಸುಮ್ಮನಿರಬಾರದು.

ಗರ್ಭಿಣಿಯರಲ್ಲಿ ತೋರುವ ಬಗೆಯೊಂದುಂಟು. ಪ್ರಸವವಾದ ಮೇಲೆ ಸಾಮಾನ್ಯವಾಗಿ ಅಡಗಿದರೂ, ಮುಂದೆ ಎರಡನೆಯ ಬಗೆಯು ಬರುವ ಸಂಭವ ಹೆಚ್ಚಾದುದರಿಂದ ಅಂಥವರು ಆಗಾಗ್ಗೆ ಪರೀಕ್ಷಿಸಿಕೊಳ್ಳತಕ್ಕದ್ದು.

ರಾತ್ರಿಯೆಲ್ಲ ಉಪವಾಸವಿದ್ದು ಬೆಳಿಗ್ಗೆ ಪರೀಕ್ಷಿಸಿದಾಗ, ನೂರು ಮಿಲಿಲೀಟರ್ ರಕ್ತಕ್ಕೆ 126 ಮಿಲಿಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟು ಸಕ್ಕರೆಯಿದ್ದರೆ ಮಧುಮೇಹವೆನ್ನುವರು. ಲಕ್ಷಣಗಳಿಲ್ಲದವರಲ್ಲಿ ಮತ್ತೊಮ್ಮೆ ಪರೀಕ್ಷಿಸಿ ನಿಶ್ಚಯಿಸುವರು. 100ರಿಂದ 125ರವರೆಗಿನದು ಎಚ್ಚರಿಕೆಯ ಘಟ್ಟ. ಮಿತಾಹಾರದಿಂದಲೂ ನಡಿಗೆಯಿಂದಲೂ ಅನೇಕರು ಇಲ್ಲಿಂದ ಹಿಂದಿರುಗಬಲ್ಲರು.

ಮನೆಯ ಹಿರಿಯರಿಗೂ ನನ್ನ ವೃತ್ತಿಬಾಂಧವರಿಗೂ ಒಂದೇ ಬಿನ್ನಹ. ಹಾಸಿಗೆ ಒದ್ದೆಮಾಡುವುದನ್ನು ಎಂದೋ ಬಿಟ್ಟಿದ್ದ ಮಗು ಮತ್ತೆ ಮಾಡತೊಡಗಿದರೆ, ಪದೇ ಪದೇ ನೀರು ಬೇಡಿ ಸೊರಗುತ್ತಿದ್ದರೆ, ಗದರಿಸಬೇಡಿರಿ. ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿರಿ. ನನ್ನ ಆ ಶಿಷ್ಯನು ಈಗ ಉದ್ಯೋಗಸ್ಥನಾಗಿ, ಮಕ್ಕಳೊಂದಿಗನಾಗಿದ್ದಾನೆ. ಎದುರಾದಾಗಲೆಲ್ಲ ನಿಂತು ನಮಸ್ಕರಿಸುತ್ತಾನೆ. ಅಂದಿನ ಮಾತನ್ನು ಅವನು ಒಮ್ಮೆಯೂ ಎತ್ತಿದವನಲ್ಲ.