ಮನೆ ಮಾರಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಮಾರಿ ನೋಡು ಎಂಬ ಮೂರನೆಯ ಮಾತನ್ನೂ ಅವರು ಸೇರಿಸಬಹುದಿತ್ತು. ಮೈಸೂರಿನಲ್ಲಿ ನಾನು 1994ರಲ್ಲಿ ಕಟ್ಟಿಸಿದ ಮನೆಯನ್ನು 2025ರ ಡಿಸೆಂಬರಿನಲ್ಲಿ ಮಾರಿ, ಮಗಳಿರುವ ಬೆಂಗಳೂರಿಗೆ ಬಂದು ನೆಲೆಸಿದ್ದೇನೆ. ಆ ಅನುಭವದಿಂದ ಹುಟ್ಟಿದ ಒಂದು ತಕರಾರನ್ನು ಓದುಗ ಮಿತ್ರರ ಮುಂದಿಡುತ್ತಿದ್ದೇನೆ.

ದಲ್ಲಾಳಿಯಾಗಿ ಬಂದವನು ನನ್ನ ಹಳೆಯ ವಿದ್ಯಾರ್ಥಿ. ಸೆಪ್ಟೆಂಬರಿನಲ್ಲಿ ಒಬ್ಬ ಗಿರಾಕಿಯನ್ನು ಕರೆತಂದು, “ಮೇಷ್ಟ್ರೇ, ತೊಂಬತ್ತು ಲಕ್ಷಕ್ಕೆ ಒಪ್ಪಿದ್ದಾರೆ. ಅರವತ್ತು ವೈಟು, ಮೂವತ್ತು ಬ್ಲಾಕು. ನಿಮಗೂ ಲಾಭ, ಅವರಿಗೂ ಲಾಭ” ಎಂದ. ಶೇಕಡಾವಾರು ಲೆಕ್ಕವನ್ನು ಎಂಟನೆಯ ತರಗತಿಯಲ್ಲಿ ಅವನಿಗೆ ಕಲಿಸಿದವನು ನಾನೇ. ಆದ್ದರಿಂದ ಅವನೆದುರಿಗೇ ಕಾಗದ ತೆಗೆದುಕೊಂಡು ಕುಳಿತೆ.

ಮೊದಲು ಕೊಳ್ಳುವವರ ಲಾಭ. ಮುದ್ರಾಂಕ ಶುಲ್ಕ ಶೇ. 5, ನಗರದಲ್ಲಿ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕವನ್ನು ಸರ್ಕಾರ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿಸಿದೆ. ಒಟ್ಟು ಶೇ. 7.6. ಮೂವತ್ತು ಲಕ್ಷವನ್ನು ಮುಚ್ಚಿಟ್ಟರೆ 2,28,000 ರೂಪಾಯಿ ಉಳಿತಾಯ. ಲೆಕ್ಕಕ್ಕೆ ಸಿಗದ ಹಣಕ್ಕೆ ಒಂದು ಜಾಗ ಸಿಕ್ಕಿದ್ದು ಅದಕ್ಕಿಂತ ದೊಡ್ಡ ಲಾಭ.

ಇನ್ನು ನನ್ನ ಲಾಭ. ಬಂಡವಾಳ ಲಾಭದ ಮೇಲೆ ಶೇ. 12.5 ತೆರಿಗೆ, ಅದರ ಮೇಲೆ ಶೇ. 4ರ ಸೆಸ್. ಮೂವತ್ತು ಲಕ್ಷಕ್ಕೆ 3,90,000 ರೂಪಾಯಿ. ಇದು ಸಣ್ಣ ಮೊತ್ತವಲ್ಲ. ನಿವೃತ್ತ ಮೇಷ್ಟರಿಗೆ ಆಸೆ ಹುಟ್ಟಲಿಲ್ಲವೆಂದರೆ ಸುಳ್ಳಾಗುತ್ತದೆ.

ಆದರೆ ಆ ಮೂವತ್ತು ಲಕ್ಷದ ಚೀಲವನ್ನು ನಾನು ಎಲ್ಲಿಡಬೇಕು? ಬ್ಯಾಂಕಿಗೆ ಒಯ್ಯುವಂತಿಲ್ಲ. ಠೇವಣಿಯಲ್ಲಿ ವರ್ಷಕ್ಕೆ ಶೇ. 7ರಂತೆ ಹಿಡಿದರೂ 2,10,000 ರೂಪಾಯಿ ಬಡ್ಡಿ. ಎರಡೇ ವರ್ಷಗಳಲ್ಲಿ ತೆರಿಗೆಯ ಉಳಿತಾಯವನ್ನು ಅದು ನುಂಗಿಹಾಕುತ್ತದೆ. ಮೇಲಾಗಿ, ಸ್ಥಿರಾಸ್ತಿ ಮಾರಾಟದ ಬಾಬ್ತು 20,000 ರೂ. ಅಥವಾ ಅದಕ್ಕೆ ಮೀರಿದ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವನ ಮೇಲೆ. ಲಾಭ ಇಬ್ಬರದು, ಭಯ ಮಾತ್ರ ಮಾರುವವನದು! “ಎಲ್ಲರೂ ಹೀಗೇ ಮಾಡ್ತಾರೆ ಮೇಷ್ಟ್ರೇ” ಎಂದ ಹುಡುಗ. ಎಲ್ಲರೂ ನಕಲು ಹೊಡೆದರೂ ಉತ್ತರ ತಪ್ಪು ತಪ್ಪೇ ಅಲ್ಲವೇನಪ್ಪಾ ಎಂದೆ. ಗಿರಾಕಿ ಮತ್ತೆ ಬರಲಿಲ್ಲ.

ಮೂರು ತಿಂಗಳ ಬಳಿಕ ಪೂರ್ಣ ಹಣವನ್ನು ಬ್ಯಾಂಕಿನ ಮೂಲಕವೇ ಕೊಡುವ ದಂಪತಿ ಸಿಕ್ಕರು; ಬೆಲೆ 84 ಲಕ್ಷ. ಅದರಲ್ಲಿ ಕಳೆದದ್ದು ಇಷ್ಟು: ಶೇ. 2ರ ದಲ್ಲಾಳಿ 1,68,000. ಸುಣ್ಣಬಣ್ಣ, ಸೋರುತ್ತಿದ್ದ ತಾರಸಿಯ ರಿಪೇರಿ 1,20,000. ಇ-ಖಾತಾ, ಋಣಭಾರ ಪತ್ರ, ವಕೀಲರ ಶುಲ್ಕ 25,000. ಸಾಮಾನು ಸಾಗಿಸಲು 30,000. ಮನೆಯ 2001ರ ಏಪ್ರಿಲ್ 1ರ ಮೌಲ್ಯ 7 ಲಕ್ಷ. ಅದನ್ನೂ ದಲ್ಲಾಳಿಯನ್ನೂ ಕಳೆದು, 50 ಲಕ್ಷವನ್ನು ಆರು ತಿಂಗಳೊಳಗೆ ತೆರಿಗೆ ವಿನಾಯಿತಿಯ ಬಾಂಡುಗಳಲ್ಲಿ ತೊಡಗಿಸಿದ ಮೇಲೆ ಉಳಿದ ಲಾಭಕ್ಕೆ ತೆರಿಗೆ ಸುಮಾರು 3,29,000. ಒಟ್ಟು 6,72,000 ರೂಪಾಯಿ. ಬಾಂಡಿನ ಹಣವನ್ನು ಐದು ವರ್ಷ ಮುಟ್ಟುವಂತಿಲ್ಲ. “ಮನೆ ಮಾರಿದರೆ ಇಷ್ಟು ಬರುತ್ತದೆ” ಎಂದು ವೃದ್ಧ ತಂದೆತಾಯಿಗಳಿಗೆ ಲೆಕ್ಕ ಹೇಳುವ ಮಕ್ಕಳು ಈ ಪಟ್ಟಿಯನ್ನು ಮೊದಲು ಓದಲಿ.

ಬೆಲೆಯಲ್ಲಿ ಕಳೆದುಕೊಂಡ ಆರು ಲಕ್ಷಕ್ಕಾಗಿ ನನ್ನ ಶ್ರೀಮತಿ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಅವಳ ಸಿಟ್ಟಿನಲ್ಲಿ ನ್ಯಾಯವಿದೆ. ಸತ್ಯ ಹೇಳುವವನು ದಂಡ ತೆರುವಂಥ ವ್ಯವಸ್ಥೆಯನ್ನು ಕಟ್ಟಿದವರು ಯಾರು? ಸರ್ಕಾರದ ಮಾರ್ಗಸೂಚಿ ದರಕ್ಕೂ ಪೇಟೆಯ ದರಕ್ಕೂ ನಡುವೆ ಇರುವ ಕಂದಕವೇ ಈ ಕಳ್ಳ ವ್ಯವಹಾರದ ತೊಟ್ಟಿಲು. ನನ್ನ ಮನೆಗೆ ಮಾರ್ಗಸೂಚಿಯ ಲೆಕ್ಕ ಅರವತ್ತು ಲಕ್ಷದ ಆಸುಪಾಸಿನಲ್ಲಿತ್ತು. ಗಿರಾಕಿ ಅಷ್ಟನ್ನೇ ಬರೆಸಲು ಹೊರಟದ್ದು ಆಕಸ್ಮಿಕವಲ್ಲ. 2023ರ ಅಕ್ಟೋಬರ್ 1ರಿಂದ ದರಗಳನ್ನು ಪರಿಷ್ಕರಿಸಿದರೂ ಕಂದಕ ಮುಚ್ಚಲಿಲ್ಲ. ದರವನ್ನು ನಿಜಕ್ಕೆ ಹತ್ತಿರ ತರಲಿ, ಅದೇ ವೇಳೆಗೆ ಶುಲ್ಕವನ್ನು ಇಳಿಸಲಿ. ಶುಲ್ಕವನ್ನು ಮಾತ್ರ ಏರಿಸುತ್ತ ಹೋದರೆ ಸುಳ್ಳಿಗೆ ಸಿಗುವ ಬಹುಮಾನವೂ ಏರುತ್ತದೆ.

ಕ್ರಯಪತ್ರಕ್ಕೆ ಸಹಿ ಹಾಕುವ ದಿನ ಉಪನೋಂದಣಾಧಿಕಾರಿ ಕಚೇರಿಗೆ ಆ ಹುಡುಗನೂ ಬಂದಿದ್ದ. ಅವನ ದಲ್ಲಾಳಿಯನ್ನು ಚೆಕ್ಕಿನಲ್ಲಿಯೇ ಕೊಟ್ಟೆ. ಸ್ವಲ್ಪ ತಡವರಿಸಿ ತೆಗೆದುಕೊಂಡ. ಮೂವತ್ತೊಂದು ವರ್ಷ ನಮ್ಮನ್ನು ಕಾಪಾಡಿದ ಮನೆಯನ್ನು ಕೊನೆಯ ದಿನ ಒಂದು ಸುಳ್ಳಿನೊಂದಿಗೆ ಬೀಳ್ಕೊಡಲಿಲ್ಲವೆಂಬ ಸಮಾಧಾನ ನನಗಿದೆ. ಆ ಸಮಾಧಾನಕ್ಕೆ ಆರು ಲಕ್ಷ ಹೆಚ್ಚಾಯಿತೇ ಎಂಬುದನ್ನು ಓದುಗರೇ ತೀರ್ಮಾನಿಸಲಿ.